ದುರ್ಗಾಂಬನ ಹೆಸರಿನ ಪುಟ

ವಿಶಾಖಪಟ್ಟಣದಿಂದ ಹೊರಟ ರೈಲು ತುನಿ ದಾಟುವ ಹೊತ್ತಿಗೆ ಮಂಗಳಾಗೌರಿ ದುರ್ಗಾಂಬನ ಹೆಸರನ್ನು ಫೋನಿನಲ್ಲಿ ಮೂರು ಸಲ ಹುಡುಕಿಯಾಗಿತ್ತು. ಮೂರು ಸಲವೂ ಅವಳು ಬರೆದ ಪುಟವೇ ಎಲ್ಲಕ್ಕಿಂತ ಮೇಲೆ ಬಂತು. ಒಲೆಯ ಮೇಲೆ ಹಾಲಿಟ್ಟು ಬಾಗಿಲಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತವಳು ನಡುನಡುವೆ ಅಡಿಗೆಮನೆಯ ಕಡೆ ಕಣ್ಣು ಹಾಯಿಸುತ್ತಾಳಲ್ಲ, ಹಾಗೆ ದಿನಕ್ಕೆ ಹತ್ತು ಹದಿನೈದು ಸಲ ಅದನ್ನು ನೋಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಮೊದಲೆಲ್ಲ ಪುಟ ಮೇಲೇರಿತೇ ಎಂದು ನೋಡುತ್ತಿದ್ದಳು. ಈಗ ಹದಿನೈದು ದಿನಗಳಿಂದ ಕೆಳಗಿಳಿಯಿತೇ ಎಂದು ನೋಡುತ್ತಿದ್ದಳು. ಅದು ತಾನಾಗಿ ಇಳಿದುಹೋದರೆ ಅವಳು ಏನೂ ಮಾಡಬೇಕಾಗಿರಲಿಲ್ಲ, ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಇಳಿದಿರಲಿಲ್ಲ. ‘ದುರ್ಗಾಂಬ ಅವರ ಮಂಗಳಗಿರಿ ಸೀರೆ ಹುಡುಕುತ್ತಿದ್ದೀರಾ? ಕೊಳ್ಳುವ ಮೊದಲು ಇದನ್ನು ಓದಿ’ ಎಂಬ ಸಾಲು; ಅದರ ಕೆಳಗೆ ವಿಜಯವಾಡದ ರಾಮಮೋಹನ್ ಅವರ ದೊಡ್ಡ ಸೀರೆ ಅಂಗಡಿಯ ವಿಳಾಸ. ದುರ್ಗಾಂಬನ ಮನೆಯ ವಿಳಾಸ ಎಲ್ಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೀಬೆಹಣ್ಣಿನ ಸೀಳಿಗೆ ಉಪ್ಪುಕಾರ ಹಚ್ಚಿ ಕೊಡುತ್ತ, ಏನು ಕೆಲಸ ಮಾಡ್ತೀರಮ್ಮಾ, ಎಂದು ತೆಲುಗಿನಲ್ಲಿ ಕೇಳಿದಳು. ಮಾರ್ಕೆಟಿಂಗ್, ಎಂದಳು ಮಂಗಳಾಗೌರಿ.

ಅಷ್ಟು ದೊಡ್ಡ ಮಾತು ಅವಳದಾಗಿರಲಿಲ್ಲ. ಅವಳು ಮಾಡುತ್ತಿದ್ದದ್ದು ಆ ದೊಡ್ಡ ಕೆಲಸದ ಒಂದು ಮೂಲೆ. ಜನ ಫೋನಿನಲ್ಲಿ ಯಾವ ಮಾತು ಹಾಕಿ ಹುಡುಕುತ್ತಾರೆ ಎಂದು ತಿಳಿದುಕೊಳ್ಳುವುದು, ಆ ಮಾತಿಗೆ ತಕ್ಕ ಪುಟ ಬರೆಯುವುದು, ಹುಡುಕಿದವರ ಕಣ್ಣಿಗೆ ಮೊದಲ ಸಾಲಿನಲ್ಲೇ ಅಂಗಡಿ ಬೀಳುವಂತೆ ಮಾಡುವುದು. ಎಸ್‌ಇಒ ಎಂದು ಅದಕ್ಕೆ ಮೂರಕ್ಷರ. ಗಂಡ ಇಂದುಧರ ನೌಕಾದಳದ ಹಡಗಿನಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದಾಗ, ಮಗಳು ಸಿಂಧೂರ ಕೋಚಿಂಗಿಗೆ ಹೋದ ಮಧ್ಯಾಹ್ನಗಳಲ್ಲಿ, ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಲವತ್ತೆರಡನೆಯ ವಯಸ್ಸಿನಲ್ಲಿ ಕಲಿತದ್ದು. ತಿಪಟೂರಿನಿಂದ ಮದುವೆಯಾಗಿ ಬಂದಮೇಲೆ ತನ್ನದು ಎಂದು ಅವಳು ಮಾಡಿಕೊಂಡದ್ದು ಅದೊಂದೇ. ರಜೆಗೆ ಬಂದ ಇಂದುಧರ ಜೊತೆಯವರನ್ನು ಊಟಕ್ಕೆ ಕರೆದಾಗ, ಅನ್ನ ಬಡಿಸುತ್ತಿದ್ದ ಅವಳನ್ನು ತೋರಿಸಿ, "ನಮ್ಮನೆಯೋಳು ಮಾರ್ಕೆಟಿಂಗ್ ಮಾಡ್ತಾಳೆ ಕಣ್ರಪ್ಪ. ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರಕ್ಕೆ ಮಾತ್ರ ನನ್ನೇ ಕಳಿಸ್ತಾಳೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ರಾತ್ರಿಯ ನಗುವಿಗೆ ಉತ್ತರ ಕೊಡಬೇಕೆಂದೇ ದುರ್ಗಾಂಬನ ಪುಟ ಬರೆದೆನೋ ಏನೋ ಎಂದು ಈಗ ಅನ್ನಿಸುತ್ತಿತ್ತು. ಗೋದಾವರಿಯ ಸೇತುವೆಯ ಮೇಲೆ ರೈಲಿನ ಸದ್ದು ಬದಲಾಯಿತು. ಜನ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದರು. ಅವಳು ಕೈ ಎತ್ತಲಿಲ್ಲ.

ದುರ್ಗಾಂಬನ ಹೆಸರು ಅವಳಿಗೆ ಯಾವ ಅಂಕಿ ಅಂಶದ ಪಟ್ಟಿಯಲ್ಲೂ ಸಿಕ್ಕಿದ್ದಲ್ಲ. ಕರ್ನಾಟಕದಿಂದ ವರ್ಗವಾಗಿ ಬರುವ ಬ್ಯಾಂಕಿನವರು, ನೌಕಾದಳದವರು ಊರು ಬಿಡುವಾಗ ಮುಂದೆ ಬರುವವರಿಗೆಂದು ಊರಲ್ಲಿರುವ ಕನ್ನಡದ ಮನೆಗೆ ಒಂದು ಕಾಗದ ಕೊಟ್ಟು ಹೋಗುವ ಪದ್ಧತಿ ಇತ್ತು. ಹಾಲಿನವನ ನಂಬರು, ಕೈಕೆಲಸದವಳ ಹೆಸರು, ಮಕ್ಕಳ ಡಾಕ್ಟರು, ಸಾರಿನ ಪುಡಿ ನಮ್ಮ ಹದಕ್ಕೆ ಬೀಸಿಕೊಡುವ ಗಿರಣಿ. ಬ್ಯಾಂಕಿನ ವಿಜಯಲಕ್ಷ್ಮೀ ವಿಜಯವಾಡದಲ್ಲಿ ಮೂರು ವರ್ಷ ಇದ್ದು, ವಿಶಾಖಪಟ್ಟಣದಲ್ಲಿ ಎರಡು ವರ್ಷ ಇದ್ದು, ದಾವಣಗೆರೆಗೆ ಹೋಗುವಾಗ ಕೊಟ್ಟ ಕಾಗದದ ಕೊನೆಯಲ್ಲಿ ಬರೆದಿತ್ತು: ‘ಸೀರೆ – ದುರ್ಗಾಂಬ, ಮಂಗಳಗಿರಿ, ವಿಜಯವಾಡದಿಂದ ಹೊಳೆಯಾಚೆ. ಅಂಗಡಿ ಇಲ್ಲ, ಮನೆಗೇ ಹೋಗಬೇಕು. ಮಗ್ಗದಲ್ಲಿ ಕೂತರೆ ಫೋನು ಕೇಳಿಸುವುದಿಲ್ಲ. ನನ್ನ ಹೆಸರು ಹೇಳಿ.’ ಮಂಗಳಾಗೌರಿ ಒಮ್ಮೆಯೂ ಹೋಗಿರಲಿಲ್ಲ. ಆದರೆ ಫೋನು ಎತ್ತದ ಆ ಹೆಂಗಸಿನ ಮನೆಯ ದಾರಿಯನ್ನು ಜನ ಹುಡುಕಿಯೇ ಹುಡುಕುತ್ತಾರೆ ಎಂದು ಅವಳಿಗೆ ಹೊಳೆದಿತ್ತು. ನೋಡಿದರೆ ಹೌದು, ನೂರಾರು ಜನ ಹುಡುಕುತ್ತಿದ್ದರು. ಬೇರೆಯವರ ಹೆಸರು ಹಾಕಿ ಹುಡುಕುವವನೇ ಕೊಳ್ಳಲು ಎಲ್ಲರಿಗಿಂತ ಆತುರದಲ್ಲಿರುವವನು, ಅವನ ದಾರಿಯಲ್ಲಿ ನಿಮ್ಮ ಪುಟ ನಿಲ್ಲಿಸಿ ಎಂದು ಪಾಠದಲ್ಲೇ ಹೇಳಿಕೊಟ್ಟಿದ್ದರು. ಎಲ್ಲರೂ ಮಾಡುವ ಕೆಲಸ. ಪುಟದಲ್ಲಿ ಒಂದೇ ಒಂದು ಸುಳ್ಳು ಇರದಂತೆ ಅವಳು ಎಚ್ಚರ ವಹಿಸಿದ್ದಳು. ಮಂಗಳಗಿರಿ ಅಂಚು ಹೇಗಿರುತ್ತದೆ, ನೇಯ್ಗೆ ಹೇಗೆ ನೋಡಬೇಕು, ನಮ್ಮ ಅಂಗಡಿ ಎಲ್ಲಿದೆ. ದುರ್ಗಾಂಬ ನಮ್ಮವಳು ಎಂದು ಬರೆದಿರಲಿಲ್ಲ. ನಮ್ಮವಳಲ್ಲ ಎಂದೂ ಬರೆದಿರಲಿಲ್ಲ. ಹದಿನೈದು ದಿನದ ಹಿಂದೆ ಯಾರೋ ಆ ಪುಟದ ಕೆಳಗೆ, ‘ದುರ್ಗಾಂಬ ಗಾರು ಕೊನೆಗೂ ಅಂಗಡಿ ಹಾಕಿದರಲ್ಲ, ಬಹಳ ಸಂತೋಷ’ ಎಂದು ಬರೆದಿದ್ದರು. ಮಂಗಳಾಗೌರಿ ಅದನ್ನು ಎರಡು ಸಲ ಓದಿ, ಅಳಿಸಿ, ಎದ್ದುಹೋಗಿ ಮುಖ ತೊಳೆದುಕೊಂಡಿದ್ದಳು.

ವಿಜಯವಾಡದಲ್ಲಿ ಇಳಿದಾಗ ಹನ್ನೆರಡಾಗಿತ್ತು. ರಾಮಮೋಹನ್ ಒಂದು ಗಂಟೆಗೆ ಬರಹೇಳಿದ್ದರು. ಎರಡು ವರ್ಷದಿಂದ ಫೋನಿನಲ್ಲೇ ಕೆಲಸ ಮಾಡಿದ ಅಂಗಡಿಗೆ ಇದೇ ಮೊದಲ ಸಲ ಬರುತ್ತಿದ್ದಳು, ಯಾರೂ ಅವಳ ಮುಖ ನೋಡಿರಲಿಲ್ಲ. ಹೊರಗೆ ಬಿಸಿಲಲ್ಲಿ ನಿಲ್ಲಲಾರದೆ ಗಿರಾಕಿಯಂತೆ ಒಳಗೆ ಹೋದಳು. ತಣ್ಣನೆಯ ಗಾಳಿ ಬಂತು, ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು. ಇಪ್ಪತ್ತೈದರ ಹುಡುಗಿಯೊಬ್ಬಳು, ಉಷಶ್ರೀ ಎಂದು ಎದೆಯ ಮೇಲೆ ಹೆಸರಿನ ಪಟ್ಟಿ ಇದ್ದವಳು, "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ಬಿಳಿಯ ಹಾಸಿನ ಮುಂದೆ ಕೂರಿಸಿ ನೀರು ಕೊಟ್ಟಳು.

"ಫೋನಲ್ಲಿ ನೋಡಿ ಬಂದ್ರಾ ಮೇಡಂ?"

"ಹೌದು."

"ದುರ್ಗಾಂಬ ಗಾರಿ ಸೀರೆನಾ?"

ಮಂಗಳಾಗೌರಿ ನೀರಿನ ಲೋಟವನ್ನು ಬಾಯಿಗಿಟ್ಟುಕೊಂಡಳು.

"ಸರಿಯಾದ ಜಾಗಕ್ಕೇ ಬಂದಿದೀರಿ" ಎಂದಳು ಉಷಶ್ರೀ, ಸೀರೆಗಳನ್ನು ಒಂದರಮೇಲೊಂದು ಬಿಡಿಸಿ ಹಾಕುತ್ತ. "ದುರ್ಗಾಂಬ ಗಾರು ನಮ್ಮೋರೇ. ವಯಸ್ಸಾಯ್ತಲ್ಲ ಪಾಪ, ಮನೆಗೆ ಬರೋರನ್ನ ನೋಡ್ಕೊಳ್ಳೋಕೆ ಆಗಲ್ಲ. ಈಗ ಎಲ್ಲಾ ಇಲ್ಲಿಗೇ ಕೊಟ್ಬಿಡ್ತಾರೆ. ಈ ಹಸಿರು ನೋಡಿ, ಮೊನ್ನೆ ತಾನೇ ಮಗ್ಗದಿಂದ ಇಳಿಸಿದ್ದು."

ಹುಡುಗಿಯ ಮುಖದಲ್ಲಿ ಕಪಟವಿರಲಿಲ್ಲ. ಹೇಳಿಕೊಟ್ಟದ್ದನ್ನು ನಂಬಿಕೊಂಡಿದ್ದಳು, ಅಥವಾ ನಂಬಬೇಕೋ ಬೇಡವೋ ಎಂದು ಯೋಚಿಸುವ ಪುರುಸೊತ್ತು ಅವಳಿಗಿರಲಿಲ್ಲ. ಮಂಗಳಾಗೌರಿ ಹಸಿರು ಸೀರೆಯ ಮೇಲೆ ಕೈಯಾಡಿಸಿದಳು. ಬರೆದವಳಿಗೇ ಬರೆದದ್ದನ್ನು ಯಾರೋ ಓದಿ ಹೇಳುತ್ತಿದ್ದರು. ತಾನು ಖಾಲಿ ಬಿಟ್ಟಿದ್ದ ಜಾಗವನ್ನೆಲ್ಲ ತುಂಬಿ ಹೇಳುತ್ತಿದ್ದರು. ನಾನೇ ಅದನ್ನು ಬರೆದವಳು ಎಂದರೆ ಈ ಹುಡುಗಿ ಗಾಬರಿಯಾಗುತ್ತಾಳೋ, ನಗುತ್ತಾಳೋ? ಎರಡನ್ನೂ ನೋಡುವ ಧೈರ್ಯವಿಲ್ಲದೆ, "ಬಣ್ಣ ಹೋಗತ್ತಾ?" ಎಂದು ಕೇಳಿದಳು, ಎಲ್ಲ ಹೆಂಗಸರೂ ಕೇಳುವ ಹಾಗೆ. "ಒಂಚೂರೂ ಹೋಗಲ್ಲ ಮೇಡಂ" ಎಂದಳು ಉಷಶ್ರೀ.

ರಾಮಮೋಹನ್ ಕೆಟ್ಟ ಮನುಷ್ಯರಲ್ಲ. ಬಂದವರೇ ಅವಳಿಗೆ ಫೋನು ಮಾಡಿ, ಅದು ಹಾಸಿನ ಮುಂದೆಯೇ ಒದರಿದ್ದು ಕೇಳಿ, "ಅಯ್ಯೋ, ನಮ್ಮ ಮಂಗಳಾಗೌರಿ ಗಾರೇ ಇಲ್ಲಿ ಗಿರಾಕಿ ಹಾಗೆ ಕೂತಿದಾರಲ್ಲ" ಎಂದು ಎಬ್ಬಿಸಿ ಕರೆದುಕೊಂಡು ಹೋಗಿ, ಒಳಕೋಣೆಯಲ್ಲಿ ಬಾಳೆಲೆಯ ಊಟ ತರಿಸಿ, ಗೊಂಗೂರ ಸೊಪ್ಪಿನ ಪಚ್ಚಡಿಗೆ ತುಪ್ಪ ತಾವೇ ಬಡಿಸಿದರು. ಉಷಶ್ರೀ ಬಾಗಿಲಲ್ಲಿ ನಿಂತು ನಾಲಿಗೆ ಕಚ್ಚಿಕೊಂಡು ನಕ್ಕಳು. ರಾಮಮೋಹನ್ ಹೇಳಿದರು: "ಪೇಪರಿನ ಜಾಹೀರಾತು ನಿಲ್ಲಿಸಿದೆ ಅಮ್ಮಾ. ಬಸ್‌ಸ್ಟ್ಯಾಂಡಿನ ಬೋರ್ಡು ತೆಗೆಸಿದೆ. ಹಳೆ ಗಿರಾಕಿಗಳಿಗೆ ಹಬ್ಬಕ್ಕೆ ಕಾರ್ಡು ಹಾಕ್ತಿದ್ದೆ, ಅದೂ ಬೇಡ ಅಂದೆ. ನಮ್ಮ ಮಾರ್ಕೆಟಿಂಗ್ ಅಂದ್ರೆ ಈಗ ನೀವೇ."

ಯಾರಾದರೂ ಒಬ್ಬರು ಈ ಮಾತು ಹೇಳಲಿ ಎಂದು ಅವಳು ಎಷ್ಟು ದಿನ ಕಾದಿದ್ದಳು. ಇಂದುಧರನ ಮುಂದೆ ಇದನ್ನು ಹೇಳುವವರು ಬೇಕಿತ್ತು. ಈಗ ಅದು ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನ ಹಾಗೆ ಬಂದು ಬಿತ್ತು.

"ನಾನು ಬಾಗಿಲ ತನಕ ಕರ್ಕೊಂಡು ಬರೋಳು ಅಷ್ಟೇ ಸರ್" ಎಂದಳು. "ದುರ್ಗಾಂಬ ನಮ್ಮೋರೇ ಅಂತ ಆ ಹುಡುಗಿ ಹೇಳ್ತಿದ್ಲು. ನಾನು ಹಾಗೆ ಬರೆದಿಲ್ಲ."

"ನೀವು ಬರೆದಿಲ್ಲ, ನಿಜ" ಎಂದರು ರಾಮಮೋಹನ್, ಸಿಟ್ಟಿಲ್ಲದೆ, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ. "ಆದ್ರೆ ಬರೋರು ಏನು ನಂಬ್ಕೊಂಡು ಬರ್ತಾರೆ, ಹೇಳಿ. ಆಯಮ್ಮ ಇಲ್ಲಿದಾಳೆ ಅಂತ. ಬಂದೋರಿಗೆ ಇಲ್ಲ ಅನ್ನೋಕಾಗತ್ತಾ? ನೀವು ಅರ್ಧ ಹೇಳಿದೀರಿ, ಇನ್ನರ್ಧ ಉಷಶ್ರೀ ಹೇಳ್ತಾಳೆ. ಎರಡೂ ಸೇರಿದ್ರೆ ತಾನೇ ಮಾರ್ಕೆಟಿಂಗು."

ಪಾಠದಲ್ಲಿ ಇದನ್ನು ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಅವಳು ತನ್ನ ಪುಟವನ್ನು ಒಂದು ಬೇರೆಯೇ ಪಾತ್ರೆಯಲ್ಲಿ ಇಟ್ಟುಕೊಂಡಿದ್ದಳು, ತೊಳೆದು, ಒರೆಸಿ, ಸುಳ್ಳಿನ ಒಂದು ಹನಿ ತಾಗದ ಹಾಗೆ. ಆದರೆ ಹುಡುಕುವುದು, ಬರುವುದು, ಕೂರುವುದು, ನೀರು ಕುಡಿಯುವುದು, ಕೇಳುವುದು, ಕೊಳ್ಳುವುದು, ಮನೆಗೊಯ್ದು ಉಡುವುದು ಎಲ್ಲ ಒಂದೇ ಎಳೆ. ಆ ಎಳೆಯ ತುದಿ ತನ್ನ ಕೈಯಲ್ಲಿ, ಉಳಿದದ್ದು ಯಾರ ಕೈಯಲ್ಲೋ. ತುದಿ ಹಿಡಿದವಳು ಉಳಿದದ್ದು ನನ್ನದಲ್ಲ ಎನ್ನಬಹುದೇ? ಅವಳು ಹೀಗೆ ಯೋಚಿಸುತ್ತಿರುವಾಗ ರಾಮಮೋಹನ್ ಒಂದು ಹಾಳೆ ಮುಂದೆ ಇಟ್ಟರು. ಒಂಬತ್ತು ಹೆಸರುಗಳು, ಎಲ್ಲ ಮನೆಯಿಂದಲೇ ಸೀರೆ ಮಾರುವ ನೇಕಾರರವು. ಒಂದೊಂದಕ್ಕೂ ಒಂದೊಂದು ಪುಟ ಬೇಕು. ಮತ್ತೆ ಇವತ್ತು ಹೇಗೂ ಬಂದಿದ್ದೀರಿ, ಕಾರು ಕೊಡ್ತೀನಿ, ಮಂಗಳಗಿರಿಗೆ ಹೋಗಿ ಗಿರಾಕಿ ಹಾಗೆ ದುರ್ಗಾಂಬನ ಮಗ್ಗದ್ದು ನಾಲ್ಕು ಫೋಟೊ ತೆಗೆದುಕೊಂಡು ಬನ್ನಿ, ಎಂದರು. ಬೇಡ ಎನ್ನುವ ಮಾತು ಬಾಯಿಯವರೆಗೆ ಬಂದು, "ನೋಡ್ತೀನಿ ಸರ್" ಎಂದಾಗಿ ಹೊರಬಿತ್ತು. ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿ ಇಟ್ಟುಕೊಂಡದ್ದೂ ಅವಳದೇ ಕೈ.

ಕಾರು ಕೃಷ್ಣೆಯ ಸೇತುವೆಯ ಮೇಲಿದ್ದಾಗ ಮಗಳು ಸಿಂಧೂರಳ ಫೋನು ಬಂತು.

"ಅಮ್ಮಾ, ಪಪ್ಪು ಫ್ರಿಜ್ಜಲ್ಲಿದೆಯಾ? ಅಲಾನೇ ತಿನ್ಲಾ, ಬಿಸಿ ಮಾಡ್ಬೇಕಾ?"

"ಬೇಳೆ ಹಾಗೇ ತಿನ್ಬೇಡ, ಬಿಸಿ ಮಾಡ್ಕೊಳ್ಳೆ. ಸಿಂಧೂ, ತಪ್ಪಾಯ್ತು ಅಂತ ತೆಲುಗಲ್ಲಿ ಸರಿಯಾಗಿ ಹೆಂಗೆ ಹೇಳೋದು?"

"ಎವರಿಗೆ? ಫ್ರೆಂಡ್‌ಗಾ, ಪೆದ್ದವಾಳ್ಳಿಗಾ?"

"ದೊಡ್ಡೋರಿಗೆ."

"ತಪ್ಪು ಚೇಸಾನು, ಕ್ಷಮಿಂಚಂಡಿ ಅನ್ನು. ಏನ್ ಮಾಡ್ದೆ ನೀನು?"

"ಏನಿಲ್ಲ. ಉಣ್ಣು ಹೋಗು."

ಕೇಳಿದ ಮೇಲೆ ತಾನೇಕೆ ಕೇಳಿದೆ ಎಂದು ಬೆರಗಾದಳು. ಹೇಳಬೇಕೆಂದು ಅವಳು ಇನ್ನೂ ತೀರ್ಮಾನಿಸಿರಲಿಲ್ಲ. ಫೋಟೊ ತೆಗೆದು, ಒಂದು ಸೀರೆ ಕೊಂಡು, ಸಂಜೆಯ ರೈಲು ಹಿಡಿಯಬಹುದು. ಒಂದು ಸೀರೆ ಕೊಂಡರೆ ಅಷ್ಟಾದರೂ ಆಯಿತಲ್ಲ. ಹೀಗೆ ತನ್ನನ್ನೇ ಪುಸಲಾಯಿಸುತ್ತ ಕಾರನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ಗಲ್ಲಿಯೊಳಕ್ಕೆ ನಡೆದಳು. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ದುರ್ಗಾಂಬನ ಮನೆಯಿಂದ ಬರುತ್ತಿರಲಿಲ್ಲ.

ಎಪ್ಪತ್ತರ ಹತ್ತಿರದ ಹೆಂಗಸು, ಸಣ್ಣ ಮೈ, ಕಿವಿಯಲ್ಲಿ ಕೆಂಪು ಕಲ್ಲು. ಗುಂಡಿಮಗ್ಗದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ, ಅದರ ಪಕ್ಕದಲ್ಲಿ ಕೂತು ಹುಣಿಸೇಹಣ್ಣಿನ ಬೀಜ ಬಿಡಿಸುತ್ತಿದ್ದಳು. ಇವಳನ್ನು ಕಂಡು ಕಣ್ಣು ಕಿರಿದು ಮಾಡಿ ತೆಲುಗಿನಲ್ಲಿ, "ಬಾ ತಾಯಿ. ಯಾರು ಕಳಿಸಿದ್ದು?" ಎಂದಳು. ಬಂದವರನ್ನೆಲ್ಲ ಮೊದಲು ಅದನ್ನೇ ಕೇಳುತ್ತಾಳೆ ಎಂದು ತೋರಿತು. ವಿಜಯಲಕ್ಷ್ಮೀ ಎಂದಾಗ ಮುಖ ಅರಳಿತು. "ಬ್ಯಾಂಕಿನವರು. ಆಕಾಶದ ನೀಲಿ ಒಂದು, ಅರಿಸಿನದ್ದು ಒಂದು. ಅರಿಸಿನದ್ದು ನಾದಿನಿಯ ಸೀಮಂತಕ್ಕೆ." ಆಮೇಲೆ ಕೈ ಒರೆಸಿಕೊಂಡು ಹೇಳಿದಳು: "ಇಷ್ಟು ದೂರ ಬಂದೆ. ಆದರೆ ಸೀರೆ ಇಲ್ಲ ತಾಯಿ. ನಿಲ್ಲಿಸಿಬಿಟ್ಟೆ."

"ಜನ ಬರ್ತಿಲ್ಲವಾ?" ಎಂದು ಮಂಗಳಾಗೌರಿ ಕೇಳಿದಳು. ಆ ಉತ್ತರಕ್ಕೆ ಅವಳು ಸಿದ್ಧಳಾಗಿದ್ದಳು.

"ಬರೋದೂ ಕಡಿಮೆಯಾಯ್ತು. ಅದಕ್ಕಲ್ಲ. ನನ್ನದೊಂದು ಪದ್ಧತಿ. ಮೊದಲ ಸಲ ಒಗೆದಮೇಲೆ ನನಗೆ ಒಂದು ಫೋನು ಮಾಡಿ, ಬಣ್ಣ ಹೇಗಿದೆ ಹೇಳಿ ಅಂತ ಎಲ್ಲರಿಗೂ ಅಂತೀನಿ. ಇಷ್ಟು ವರ್ಷ ಒಬ್ಬರೂ ದೂರು ಹೇಳಿದವರಿಲ್ಲ. ಈಗ ಆರೇಳು ತಿಂಗಳಿಂದ ಫೋನಿನ ಮೇಲೆ ಫೋನು. ಬಣ್ಣ ಬಿಟ್ಟಿತು, ಬಿಳಿ ರವಿಕೆಯೆಲ್ಲ ಹಸಿರಾಯ್ತು, ನಿನ್ನ ಹೆಸರು ನಂಬಿ ಕೊಂಡೆವಲ್ಲ ಅಂತ. ನನ್ನ ನಂಬರು ಎಲ್ಲರ ಹತ್ತಿರ ಇರತ್ತೆ, ಒಬ್ಬರಿಂದ ಒಬ್ಬರಿಗೆ ಹೋಗಿರತ್ತೆ." ಅವಳು ಬೀಜವೊಂದನ್ನು ಬೆರಳಲ್ಲಿ ಉರುಳಿಸುತ್ತ ದನಿ ತಗ್ಗಿಸಿದಳು. "ಬೈದು, ನಾನು ಏನಾದರೂ ಕೇಳೋ ಮೊದಲೇ ಇಟ್ಟುಬಿಡೋರು. ಬೈಗುಳ ಹೋಗಲಿ. ಆ ಹೆಂಗಸರು ಯಾರೂ ನನಗೆ ನೆನಪೇ ಆಗ್ತಿರಲಿಲ್ಲ. ಯಾರಿಗೆ ಯಾವ ಬಣ್ಣ ಕೊಟ್ಟೆ ಅನ್ನೋದನ್ನ ನಾನು ಮರೆಯೋಳಲ್ಲ. ಇವರಿಗೆ ಯಾವಾಗ ಕೊಟ್ಟೆ, ಎಲ್ಲಿ ಕೂತಿದ್ದರು, ಏನೂ ಇಲ್ಲ. ಬುದ್ಧಿ ಹೋಯ್ತು ಅಂದುಕೊಂಡೆ. ನಮ್ಮತ್ತೆಗೂ ಕೊನೆಗೆ ಹಾಗೇ ಆಗಿತ್ತು. ಬಣ್ಣ ಹಾಕಿಕೊಡೋ ಕೋಟಯ್ಯನ್ನ ಬಾಯಿಗೆ ಬಂದ ಹಾಗೆ ಅಂದೆ, ಕಳ್ಳ ಬಣ್ಣ ಹಾಕ್ತೀಯ ಅಂತ. ಮೂವತ್ತು ವರ್ಷದ ಮನುಷ್ಯ. ಒಂದು ಮಾತೂ ಆಡದೆ ನೂಲು ವಾಪಸ್ಸು ಇಟ್ಟು ಹೋದ. ಆಮೇಲೆ ಬೇರೆಯವರೂ ಅವನಿಗೆ ಕೊಡೋದು ನಿಲ್ಲಿಸಿದರು."

ಮಂಗಳಾಗೌರಿಗೆ ತನ್ನ ಪುಟ ಕಣ್ಣಮುಂದೆ ಬಂತು, ಅದರ ಸ್ವಚ್ಛವಾದ ಸಾಲುಗಳು. ಗಿರಾಕಿಗಳು ದಾರಿ ತಪ್ಪಿ ಬೇರೆ ಕಡೆ ಹೋದರು ಎಂದಷ್ಟೇ ಅವಳು ಈವರೆಗೆ ಅಂದುಕೊಂಡಿದ್ದು. ಕಡಿಮೆಯಾದವರನ್ನು ಎಣಿಸಿ ನೊಂದುಕೊಂಡಿದ್ದಳು. ಆ ಹಸಿರು ನೀರು ತಿರುಗಿ ಈ ಮನೆಗೆ ಹರಿದು ಬಂದೀತು, ಒಬ್ಬ ಮುದುಕಿ ತನ್ನ ತಲೆಯನ್ನೇ ನಂಬದೆ ಕೂತಾಳು ಎಂದು ಅವಳ ಯಾವ ವರದಿಯಲ್ಲೂ ಬಂದಿರಲಿಲ್ಲ. ಈಗಲೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎದ್ದು, ಬರ್ತೀನಮ್ಮಾ ಎಂದರೆ ಈಕೆ ಕುಂಕುಮ ಕೊಟ್ಟು ಕಳಿಸುತ್ತಾಳೆ. ಬೆಡ್‌ಶೀಟು ಹೊದ್ದ ಮಗ್ಗ ಮೂಲೆಯಲ್ಲಿ ಯಾರೋ ಮಲಗಿದ ಹಾಗಿತ್ತು. ಮಗಳು ಹೇಳಿಕೊಟ್ಟ ಮಾತು ನೆನಪಾಯಿತು; ಬಸ್ಸಿನಲ್ಲಿ ಕಾಲು ತುಳಿದವರು ಅನ್ನುವ ಮಾತು ಅದು, ಇಲ್ಲಿ ಅದಕ್ಕೆ ತೂಕವೇ ಇರಲಿಲ್ಲ. ಹದಿನಾರು ವರ್ಷ ತರಕಾರಿಯವರೊಡನೆ, ಆಟೋದವರೊಡನೆ ಆಡಿದ ತೆಲುಗಿನಲ್ಲಿ, ತಡವರಿಸುತ್ತ, ಕ್ರಿಯಾಪದ ಸಿಗದ ಕಡೆ ಕೈಸನ್ನೆ ಮಾಡುತ್ತ ಅವಳು ಹೇಳಿದಳು: ನಿಮ್ಮ ಹೆಸರು ಹುಡುಕುವವರಿಗೆ ಬೇರೆ ಅಂಗಡಿ ಕಾಣುವ ಹಾಗೆ ಬರೆದವಳು ನಾನು. ಅವರು ಅಲ್ಲಿಗೆ ಹೋದರು. ಅಲ್ಲಿ ನಿಮ್ಮದೇ ಸೀರೆ ಅಂತ ಕೊಟ್ಟರು. ಬಣ್ಣ ಬಿಟ್ಟದ್ದು ಆ ಸೀರೆ. ನಿಮ್ಮದಲ್ಲ.

ದುರ್ಗಾಂಬ ಬೆರಳಲ್ಲಿದ್ದ ಬೀಜವನ್ನು ತಟ್ಟೆಗೆ ಹಾಕಿದಳು. ಪಕ್ಕದ ಮನೆಯ ಮಗ್ಗ ನಿಂತು ಮತ್ತೆ ಶುರುವಾಯಿತು.

"ಅಂದರೆ ಆ ಹೆಂಗಸರಿಗೆ ನಾನು ಕೊಟ್ಟೇ ಇಲ್ಲ" ಎಂದಳು ದುರ್ಗಾಂಬ.

"ಇಲ್ಲ."

"ನಾನು ಮರೆತಿದ್ದಲ್ಲ."

"ಅಲ್ಲಮ್ಮಾ."

ಮುದುಕಿಯ ಮುಖ ಒಂದು ಕ್ಷಣ ಸಡಿಲವಾಯಿತು, ಹೆಗಲಿನ ಹೊರೆ ಇಳಿಸಿದವಳ ಹಾಗೆ. ಮಂಗಳಾಗೌರಿಗೆ ಬೈಗುಳವನ್ನು ತಾಳಿಕೊಳ್ಳಬಹುದಿತ್ತು, ಆ ನೆಮ್ಮದಿಯನ್ನು ನೋಡಲಾಗಲಿಲ್ಲ. ಆಮೇಲೆ ಸಿಟ್ಟು ಬಂತು. ಅದು ನಿಧಾನವಾಗಿ ಬಂತು, ಕೈಯಿಂದ ಶುರುವಾಗಿ. ಹುಣಿಸೆಯ ತಟ್ಟೆಯನ್ನು ದುರ್ಗಾಂಬ ಪಕ್ಕಕ್ಕೆ ತಳ್ಳಿದಳು. "ವಿಜಯಲಕ್ಷ್ಮೀ ನಿನ್ನ ಕೈಗೆ ನನ್ನ ಹೆಸರು ಕೊಟ್ಟಳು" ಎಂದಳು. "ನೀನು ಅದನ್ನ ಮಾರಿದೆ."

ಮಂಗಳಾಗೌರಿ ಫೋನು ತೆಗೆದು, ಅಂಗಡಿಯ ಪುಟಗಳ ಒಳಗೆ ಹೋಗಿ, ಅದನ್ನು ಹುಡುಕಿ ಅಳಿಸಿದಳು. ವರ್ಷದಿಂದ ಕಾದು ಮೇಲೆ ತಂದದ್ದು ಒಂದು ಒತ್ತಿಗೆ ಹೋಯಿತು. ಅದರ ಜೊತೆ ಆ ಕೆಲಸವೂ ಹೋಯಿತೆಂದು ಅವಳಿಗೆ ಗೊತ್ತಿತ್ತು. ರಾಮಮೋಹನ್ ಇವತ್ತೋ ನಾಳೆಯೋ ನೋಡುತ್ತಾರೆ, ಇಂದುಧರ ರಜೆಗೆ ಬಂದಾಗ ಏನೂ ಕೇಳದೆ ಊಟಕ್ಕೆ ಕೂರುತ್ತಾನೆ. ತೆಗೆದುಬಿಟ್ಟೆ ನೋಡಿ, ಎಂದು ಫೋನನ್ನು ಮುಂದೆ ಹಿಡಿದಳು. ಮಗು ಬರೆದ ಸ್ಲೇಟನ್ನು ತೋರಿಸುವ ಹಾಗೆ ತೋರಿಸುತ್ತಿದ್ದೇನೆ ಎಂದು ಅವಳಿಗೇ ನಾಚಿಕೆಯಾಯಿತು. ದುರ್ಗಾಂಬ ಅದರ ಕಡೆ ನೋಡಲಿಲ್ಲ. ಮಂಡಿ ಹಿಡಿದು ಎದ್ದು, ಗೂಟದಿಂದ ಟವೆಲು ತೆಗೆದು ತಲೆಗೆ ಹಾಕಿಕೊಂಡಳು.

"ಅದು ನಿನ್ನ ಫೋನಿನೊಳಗಿನ ಮಾತು. ಚಪ್ಪಲಿ ಹಾಕ್ಕೋ. ಕೋಟಯ್ಯನ ಮನೆಗೆ ಬಾ."

ಎರಡು ಗಲ್ಲಿಯ ದಾರಿ. ದುರ್ಗಾಂಬ ಮುಂದೆ, ಇವಳು ಹಿಂದೆ. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಎದುರಿಗೆ ಬಂದವರು ಮುದುಕಿಯನ್ನು ಮಾತಾಡಿಸಿ, ಇವಳನ್ನು ಮೇಲಿಂದ ಕೆಳಗೆ ನೋಡಿ, ಸೀರೆ ಕೊಳ್ಳೋ ಬೊಂಬಾಯಿ ಪಾರ್ಟಿಯಾ ಅಕ್ಕಾ, ಎಂದು ನಕ್ಕರು. ಚೀಲದಲ್ಲಿ ಫೋನು ಒದರತೊಡಗಿತು. ರಾಮಮೋಹನ್ ಅವರದೇ ಇರಬೇಕು, ಅವಳು ಎತ್ತಲಿಲ್ಲ. ಕೋಟಯ್ಯನ ಮನೆಯ ಮುಂದೆ ಬಣ್ಣದ ಹಂಡೆಗಳು ಬೋರಲು ಬಿದ್ದಿದ್ದವು, ನೂಲು ಒಣಹಾಕುವ ಬಿದಿರಿನ ಮೇಲೆ ಯಾರದೋ ಲುಂಗಿ ಇತ್ತು. ಜಗಲಿಯಲ್ಲಿ ಕೂತಿದ್ದ ಉದ್ದನೆಯ ಮನುಷ್ಯ ದುರ್ಗಾಂಬನನ್ನು ಕಂಡದ್ದೇ ಎದ್ದು ಒಳಗೆ ಹೋಗಲು ತಿರುಗಿದ. ಅವನ ಉಗುರುಗಳಲ್ಲಿ ನೀಲಿ ಇನ್ನೂ ಉಳಿದಿತ್ತು.

"ಕೋಟಯ್ಯಾ, ನಾನು ಮಾತಾಡಕ್ಕೆ ಬಂದಿಲ್ಲ" ಎಂದಳು ದುರ್ಗಾಂಬ. "ಈಯಮ್ಮ ಒಂದು ವಿಷಯ ಹೇಳ್ತಾಳೆ. ಕೇಳು. ಆಮೇಲೆ ಒಳಗೆ ಹೋಗು."

ಅವನು ಹೊಸ್ತಿಲಲ್ಲಿ ನಿಂತ, ಬೆನ್ನು ಈ ಕಡೆಗೇ ಇತ್ತು. ಮಂಗಳಾಗೌರಿ ಹತ್ತಿರ ಹೋಗಿ, ಅವನಿಗಷ್ಟೇ ಕೇಳುವ ಹಾಗೆ, ಸಣ್ಣ ದನಿಯಲ್ಲಿ, ನಿಮ್ಮ ಬಣ್ಣದ ತಪ್ಪಲ್ಲ, ನಾನು ಒಂದು ಪುಟ ಬರೆದು... ಎಂದು ಶುರುಮಾಡಿದಳು. ಕೋಟಯ್ಯ ಕೈ ಎತ್ತಿ ತಡೆದ.

"ಜೋರಾಗಿ ಹೇಳಮ್ಮಾ" ಎಂದ, ತಿರುಗದೆಯೇ. "ಅವತ್ತು ಈಕೆ ಬೈದದ್ದು ಬೀದಿಯವರೆಲ್ಲ ಕೇಳಿದರು."

ಎದುರು ಮನೆಯ ಹೆಂಗಸು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಮೂಲೆಯ ನಲ್ಲಿಯ ಹತ್ತಿರ ಇಬ್ಬರು ಕೊಡ ಹಿಡಿದು ನಿಂತಿದ್ದರು. ಸೈಕಲ್ಲಿನವನೊಬ್ಬ ಒಂದು ಕಾಲು ನೆಲಕ್ಕೂರಿದ. ಮಂಗಳಾಗೌರಿ ಸೆರಗನ್ನು ಹೊದ್ದುಕೊಂಡು, ಕೋಟಯ್ಯನ ಬೆನ್ನನ್ನು ಬಿಟ್ಟು ಬೀದಿಯ ಕಡೆಗೆ ತಿರುಗಿ ನಿಂತಳು. ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಮಾಡಿದ ಕೆಲಸ ಏನೆಂದು ಹೇಳಿದಳು. ಕೇಳಿಸಲಿಲ್ಲ ಎಂದು ನಲ್ಲಿಯ ಹತ್ತಿರದಿಂದ ಯಾರೋ ಕೂಗಿದರು. ಅವಳು ದನಿ ಎತ್ತಿ ಮತ್ತೆ ಮೊದಲಿನಿಂದ ಹೇಳತೊಡಗಿದಳು.